ವಿದ್ಯಾರ್ಥಿಯ ದಣಿವೂ ಲಕ್ಕಮ್ಮನ ಅಳತೆಯೂ

ವಿದ್ಯೆಯು ಅರಿವಿಗೆ ದಾರಿಯಾಗಬೇಕು. ಅರಿವು ಆನಂದಕ್ಕೆ ದಾರಿಯಾಗಬೇಕು. ಶರಣರು ಕಂಡ ಕ್ರಮವಿದು. ಆದರೆ ಇಂದಿನ ಕಾಲೇಜು, ವಿಶ್ವವಿದ್ಯಾಲಯಗಳ ಅಂಗಳದಲ್ಲಿ ನಿಂತು ನೋಡಿದರೆ, ವಿದ್ಯೆಯ ದಾರಿ ಹಿಡಿದ ಅನೇಕ ಎಳೆಯ ಮನಸ್ಸುಗಳು ಅರಿವಿನ ಬಾಗಿಲನ್ನು ಮುಟ್ಟುವ ಮುನ್ನವೇ ದಣಿದು ಕುಳಿತಿರುವುದು ಕಾಣುತ್ತದೆ. ಪುಸ್ತಕ ಕೈಯಲ್ಲಿದೆ, ಮನಸ್ಸು ಅದರಲ್ಲಿಲ್ಲ. ತರಗತಿಯಲ್ಲಿ ದೇಹವಿದೆ, ಉತ್ಸಾಹವಿಲ್ಲ. ಈ ದಣಿವನ್ನು ಹಿರಿಯರು ಸೋಮಾರಿತನವೆಂದು ಕರೆಯುತ್ತಾರೆ. ವಿದ್ಯಾರ್ಥಿಯು ತನ್ನ ಅಯೋಗ್ಯತೆಯೆಂದು ಭಾವಿಸುತ್ತಾನೆ. ಎರಡೂ ತಪ್ಪು ತಿಳಿವಳಿಕೆಗಳೇ. ಈ ತಪ್ಪು ತಿಳಿವಳಿಕೆಯಿಂದ ಆಗುತ್ತಿರುವ ಹಾನಿ ಸಣ್ಣದಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕನ್ನಡ ನಾಡಿನ ಹಳ್ಳಿಯಿಂದ ಓದಲೆಂದು ಹೊರಟ ಬಾಲಕನಿಗೆ ಎದುರಾಗುತ್ತಿದ್ದ ಮೊದಲ ಅಡ್ಡಿಯೆಂದರೆ ಹಸಿವು. ಬುತ್ತಿಯ ಗಂಟು ಬಿಚ್ಚಿ ಮುಗಿದ ಮೇಲೆ ಪಟ್ಟಣದಲ್ಲಿ ಅವನಿಗೆ ದಿಕ್ಕಿರಲಿಲ್ಲ. ಅದನ್ನು ಕಂಡ ಮಠಗಳು ಪ್ರಸಾದ ನಿಲಯಗಳನ್ನು ತೆರೆದವು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಗೆ ಅಡಿಪಾಯ ಹಾಕಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಪರಮಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳವರು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೂ ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹವನ್ನು ನಡೆಸಿದರು. ಆ ಕಾಲದ ಹಸಿವು ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಕೈಗಳು ಮುಂದೆ ಬಂದವು. ಇಂದಿನ ಹಸಿವು ಕಣ್ಣಿಗೆ ಕಾಣುವುದಿಲ್ಲ. ಊಟದ ತಟ್ಟೆ ತುಂಬಿರುವಾಗಲೂ ಒಳಗೊಂದು ಖಾಲಿತನ ಬೆಳೆಯುತ್ತಿರುತ್ತದೆ. ಅದಕ್ಕೆ ಕೈ ಚಾಚುವುದು ಹೇಗೆಂಬುದನ್ನು ಸಮಾಜವು ಇನ್ನೂ ಕಲಿಯಬೇಕಾಗಿದೆ.

ದಣಿವಿನ ಸ್ವರೂಪ

ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಬಹುದು. ಇಂತಹವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಎಸ್.ಎಸ್.ಎಲ್.ಸಿ.ಯಲ್ಲಿ ಶಾಲೆಗೆ ಮೊದಲಿಗನಾದವನು. ಊರವರು ಹಾರ ಹಾಕಿದರು. ಪಿ.ಯು.ಸಿ. ಮುಗಿಸಿ ಸಿ.ಇ.ಟಿ. ಬರೆದು ಎಂಜಿನಿಯರಿಂಗ್ ಕಾಲೇಜು ಸೇರಿದನು. ಅಪ್ಪ ಹೊಲದ ಮೇಲೆ ಸಾಲ ತೆಗೆದು ಫೀ ಕಟ್ಟಿದನು. ತರಗತಿಯ ಪಾಠವೆಲ್ಲ ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ಕುಳಿತವರೆಲ್ಲ ತನಗಿಂತ ಜಾಣರೆಂಬ ಭಾವನೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿದವು. ಎರಡನೆಯದರಲ್ಲಿ ಹಳೆಯವೆರಡರ ಜೊತೆಗೆ ಹೊಸದೊಂದು ಕೂಡಿತು. ರಾತ್ರಿ ಎರಡು ಗಂಟೆಯವರೆಗೆ ಓದುತ್ತಾನೆ, ಓದಿದ್ದು ನಿಲ್ಲುವುದಿಲ್ಲ. ಹಾಸ್ಟೆಲಿನ ಗೆಳೆಯರು ಊಟಕ್ಕೆ ಕರೆದರೆ ಹಸಿವಿಲ್ಲವೆನ್ನುತ್ತಾನೆ. ರವಿವಾರ ಊರಿನಿಂದ ಫೋನು ಬರುತ್ತದೆ.

"ಆರಾಮ ಅದೀಯೇನಪಾ?"

"ಆರಾಮ ಅದೀನಿ ಯವ್ವಾ."

"ಅಭ್ಯಾಸ ಚೊಲೋ ನಡದದಿಲ್ಲೋ?"

"ನಡದದ ಯವ್ವಾ."

ಮಾತು ಅಲ್ಲಿಗೆ ಮುಗಿಯುತ್ತದೆ. ತಾಯಿಯ ಪ್ರೀತಿ ಸುಳ್ಳಲ್ಲ. ಮಗನ ಉತ್ತರ ಸುಳ್ಳು. ಆದರೆ ಆ ಸುಳ್ಳೂ ತಾಯಿಯ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದು. ಹೊಲ ಒತ್ತೆಯಿಟ್ಟವರ ಮುಂದೆ ತನ್ನ ಸೋಲನ್ನು ಹೇಗೆ ಬಿಚ್ಚಿಡಲಿ ಎಂಬ ಸಂಕಟ ಅದರಲ್ಲಿದೆ.

ಈ ಸ್ಥಿತಿಗೆ ಮನಶ್ಶಾಸ್ತ್ರಜ್ಞರು ಒಂದು ಹೆಸರು ಕೊಟ್ಟಿದ್ದಾರೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಸೇವೆ ಮಾಡುತ್ತಿದ್ದವರನ್ನು ಗಮನಿಸಿ 'ಬರ್ನ್‌ಔಟ್' ಎಂಬ ಮಾತನ್ನು ವೈದ್ಯಕೀಯ ಬರವಣಿಗೆಗೆ ತಂದರು. ಎಣ್ಣೆ ತೀರಿದ ಹಣತೆಯ ಬತ್ತಿ ತಾನೇ ಸುಟ್ಟು ಕರಕಲಾಗುವಂತೆ, ಒಳಗಿನ ಚೈತನ್ಯ ತೀರಿದ ಮೇಲೂ ಉರಿಯಲು ಹೊರಟ ಮನಸ್ಸು ಸುಟ್ಟುಹೋಗುವುದೆಂದು ಇದನ್ನು ತಿಳಿಯಬಹುದು. ಅಲ್ಲಿದ್ದವರು ಕೆಲಸಗಳ್ಳರಾಗಿರಲಿಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಅಂಶ. ಮನಸಾರೆ ದುಡಿಯುತ್ತಿದ್ದವರಿಗೇ ಈ ಸ್ಥಿತಿ ಬಂದೊದಗಿತ್ತು. ಮುಂದೆ ಕ್ರಿಸ್ಟಿನಾ ಮಾಸ್ಲಾಕ್ ಎಂಬ ವಿದುಷಿಯು ಇದಕ್ಕೆ ಮೂರು ಲಕ್ಷಣಗಳನ್ನು ಗುರುತಿಸಿದರು. ತೀರದ ಬಳಲಿಕೆ ಮೊದಲನೆಯದು. ಮಾಡುವ ಕೆಲಸದ ಬಗ್ಗೆ ಹುಟ್ಟುವ ತಿರಸ್ಕಾರ, ದೂರಭಾವ ಎರಡನೆಯದು. ತನ್ನಿಂದ ಏನೂ ಆಗದೆಂಬ ಕುಗ್ಗುವಿಕೆ ಮೂರನೆಯದು. 2002ರಲ್ಲಿ ವಿಲ್ಮಾರ್ ಶೌಫೆಲಿ ಮತ್ತು ಅವರ ಸಂಗಡಿಗರು ಇದೇ ಅಳತೆಗೋಲನ್ನು ವಿದ್ಯಾರ್ಥಿಗಳಿಗೆ ಹೊಂದಿಸಿ, ಓದೂ ಕೂಡ ದುಡಿಮೆಯಂತೆಯೇ ಮನುಷ್ಯನನ್ನು ಬರಿದು ಮಾಡಬಲ್ಲದೆಂಬುದನ್ನು ಪರಿಶೀಲಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ರೋಗವೆಂದಲ್ಲ, ದುಡಿಮೆಯ ಸ್ಥಳದಲ್ಲಿ ಸಂಭಾಳಿಸಲಾಗದೆ ಉಳಿದ ದೀರ್ಘಕಾಲದ ಒತ್ತಡದಿಂದ ಉಂಟಾಗುವ ಸ್ಥಿತಿಯೆಂದು ವಿವರಿಸಿತು.

ಸೋಮಾರಿಗೂ ದಣಿದವನಿಗೂ ಇರುವ ಅಂತರವನ್ನು ಗುರುತಿಸುವುದು ಕಷ್ಟವಲ್ಲ. ಸೋಮಾರಿಯು ಕೆಲಸ ಬಿಟ್ಟು ಸುಖವಾಗಿ ನಿದ್ರಿಸುತ್ತಾನೆ. ದಣಿದವನು ಕೆಲಸ ಮಾಡಲಾಗದೆ, ನಿದ್ರಿಸಲೂ ಆಗದೆ, ತನ್ನನ್ನು ತಾನೇ ನಿಂದಿಸಿಕೊಳ್ಳುತ್ತ ರಾತ್ರಿ ಕಳೆಯುತ್ತಾನೆ. ಸೋಮಾರಿಗೆ ಎಚ್ಚರಿಕೆಯ ಮಾತು ಮದ್ದಾಗಬಹುದು. ದಣಿದವನಿಗೆ ಅದೇ ಮಾತು ಗಾಯದ ಮೇಲೆ ಬರೆ ಎಳೆದಂತಾಗುತ್ತದೆ.

ಈ ವಿಷಯವನ್ನು ಲಘುವಾಗಿ ಕಾಣುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯಂತೆ 2022ರಲ್ಲಿ ಭಾರತದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡರು. ದಣಿದವರೆಲ್ಲರೂ ಆ ದಾರಿ ಹಿಡಿಯುವುದಿಲ್ಲ. ಆ ದಾರಿಗೆ ಕಾರಣವೂ ಒಂದೇ ಆಗಿರುವುದಿಲ್ಲ. ಆದರೆ ಈ ಸಂಖ್ಯೆಯ ಹಿಂದೆ ಅಷ್ಟೇ ಮನೆಗಳಿವೆ. ಪ್ರತಿ ಮನೆಯಲ್ಲಿಯೂ "ಮೊದಲೇ ಹೇಳಬಾರದಿತ್ತೇ ಮಗನೇ" ಎಂಬ ಅಳಲಿದೆ. ಹೇಳಲು ಸಾಧ್ಯವಾಗುವಂತಹ ವಾತಾವರಣ ಆ ಮನೆಯಲ್ಲಿ, ಆ ವಿದ್ಯಾಲಯದಲ್ಲಿ ಇತ್ತೇ ಎಂಬುದೇ ಇಲ್ಲಿನ ಪ್ರಶ್ನೆ.

ಕಾಯಕವೆಂದರೆ ಬಿಡುವಿಲ್ಲದ ದುಡಿಮೆಯೇ?

ದಣಿದ ವಿದ್ಯಾರ್ಥಿಯು ಹಿರಿಯರ ಬಳಿಗೆ ಬಂದಾಗ ಭಕ್ತ ಸಮಾಜದಲ್ಲಿ ಸಾಮಾನ್ಯವಾಗಿ ಕೇಳಿಬರುವ ಉಪದೇಶವೊಂದಿದೆ. "ಶರಣರು ಕಾಯಕವನ್ನು ಪೂಜೆಯೆಂದು ತಿಳಿದವರು. ವಿದ್ಯಾರ್ಥಿಗೆ ಓದೇ ಕಾಯಕ. ಆದ್ದರಿಂದ ಇನ್ನಷ್ಟು ಓದು, ಮತ್ತಷ್ಟು ದುಡಿ." ಈ ಉಪದೇಶದ ಮೊದಲೆರಡು ವಾಕ್ಯಗಳು ಸತ್ಯ. ಮೂರನೆಯದು ಅವೆರಡರಿಂದ ಹೊಮ್ಮುವುದಿಲ್ಲ. ಕಾಯಕತತ್ತ್ವವನ್ನು ಬಿಡುವಿಲ್ಲದ ದುಡಿಮೆಯೆಂದು ಅರ್ಥೈಸುವುದು ಶರಣರ ಮಾತಿಗೆ ಬಗೆದ ಅಪಚಾರವೇ ಸರಿ.

ಇದನ್ನು ತಿಳಿಯಲು ಆಯ್ದಕ್ಕಿ ಲಕ್ಕಮ್ಮನವರ ಕಥೆಗಿಂತ ಮಿಗಿಲಾದ ದೀಪವಿಲ್ಲ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿಗಳು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಶರಣರ ಸಂಗದಲ್ಲಿ ಮೈಮರೆತು ಕುಳಿತರು. ಕಾಯಕದ ಹೊತ್ತು ಮೀರಿತು. ಲಕ್ಕಮ್ಮನವರು ಬಂದು ಗಂಡನಿಗೆ ಕಾಯಕವನ್ನು ನೆನಪಿಸಿ ಕಳುಹಿಸಿದರು. ಮಾರಯ್ಯನವರು ಅವಸರದಿಂದ ಹೋಗಿ ಅಕ್ಕಿ ಆಯ್ದು ತಂದರು. ಆದರೆ ಅಂದು ತಂದ ಅಕ್ಕಿ ನಿತ್ಯಕ್ಕಿಂತ ಹೆಚ್ಚಾಗಿತ್ತು. ಅದನ್ನು ಕಂಡ ಲಕ್ಕಮ್ಮನವರು ಸಂತೋಷಪಡಲಿಲ್ಲ. ಇಷ್ಟೊಂದು ಅಕ್ಕಿಯ ಆಸೆ ಏಕೆ ಹುಟ್ಟಿತೆಂದು ಪ್ರಶ್ನಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳುಹಿಸಿದರು. ಶೂನ್ಯಸಂಪಾದನೆಯಲ್ಲಿಯೂ ಈ ದಂಪತಿಗಳಿಗೆ ಗೌರವದ ಸ್ಥಾನವಿದೆ.

ಈ ಕಥೆಯನ್ನು ಹೇಳುವವರು ಬಹಳ ಮಂದಿ. ಕೆಲವರು ಮೊದಲರ್ಧವನ್ನಷ್ಟೇ ಹೇಳಿ ಮಕ್ಕಳಿಗೆ ದುಡಿಮೆಯ ಪಾಠ ಮಾಡುತ್ತಾರೆ. ಇನ್ನು ಕೆಲವರು ಎರಡನೆಯ ಅರ್ಧವನ್ನಷ್ಟೇ ಹೇಳಿ ಅಪರಿಗ್ರಹದ ಪಾಠ ಮಾಡುತ್ತಾರೆ. ಎರಡನ್ನೂ ಕೂಡಿಸಿ ನೋಡಿದಾಗಲೇ ಲಕ್ಕಮ್ಮನವರ ಅರಿವಿನ ಪೂರ್ಣತೆ ತಿಳಿಯುವುದು. ಕಾಯಕ ನಿಂತಾಗ ಎಬ್ಬಿಸಿ ಕಳುಹಿಸಿದ ತಾಯಿಯೇ, ಕಾಯಕವು ಅಳತೆ ಮೀರಿದಾಗ ತಡೆದು ನಿಲ್ಲಿಸಿದಳು. ಕಾಯಕಕ್ಕೆ ಎರಡು ಮೇರೆಗಳಿವೆ: ಇದಕ್ಕಿಂತ ಕಡಿಮೆಯಾಗಬಾರದು ಎಂಬುದೊಂದು, ಇದಕ್ಕಿಂತ ಹೆಚ್ಚಾಗಬಾರದು ಎಂಬುದೊಂದು. ಇಂದಿನ ಸಮಾಜವು ವಿದ್ಯಾರ್ಥಿಯ ಮುಂದೆ ಮೊದಲ ಮೇರೆಯನ್ನು ಮಾತ್ರ ಗಟ್ಟಿಯಾಗಿ ಕಟ್ಟಿದೆ. ಎರಡನೆಯದನ್ನು ಕಿತ್ತೇ ಹಾಕಿದೆ. ತೊಂಬತ್ತು ಬಂದರೆ ತೊಂಬತ್ತೈದೇಕೆ ಬರಲಿಲ್ಲ? ತೊಂಬತ್ತೈದು ಬಂದರೆ ರ‍್ಯಾಂಕ್ ಏಕೆ ತಪ್ಪಿತು? ಪದವಿಯಾದರೆ ಪ್ಲೇಸ್‌ಮೆಂಟ್ ಎಲ್ಲಿ? ನೌಕರಿಯಾದರೆ ಪಗಾರವೆಷ್ಟು? ಸಾಕು ಎಂಬ ಮಾತನ್ನು ಹೇಳುವವರೇ ಇಲ್ಲದ ಮನೆಯಲ್ಲಿ ಮಗು ಎಷ್ಟು ಅಕ್ಕಿ ಆಯ್ದರೂ ಅದು ಕಡಿಮೆಯೇ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಸಾಕು ಎಂದು ಹೇಳಿದರೆ ಮಕ್ಕಳ ಹಂಬಲವೇ ಬಾಡಿಹೋಗದೇ? ಬಡ ರೈತನ ಮಗಳು ವೈದ್ಯಳಾಗುವುದು, ಕೂಲಿಕಾರನ ಮಗ ಅಧಿಕಾರಿಯಾಗುವುದು ಹೆಚ್ಚಿನದನ್ನು ಬಯಸಿದ್ದರಿಂದಲೇ ಅಲ್ಲವೇ? ಈ ಆಕ್ಷೇಪದಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕಬಾರದು. ತಲೆಮಾರುಗಳ ಬಡತನವನ್ನು ಕಂಡವರಿಗೆ ಓದೊಂದೇ ಏಣಿ. ಅವರಿಗೆ ಹಂಬಲ ಬೇಡವೆನ್ನುವುದು ಹೊಟ್ಟೆ ತುಂಬಿದವರ ವೇದಾಂತವಾದೀತು. ಆದರೆ ಲಕ್ಕಮ್ಮನವರು ಅಕ್ಕಿ ಬೇಡವೆನ್ನಲಿಲ್ಲ. ದಾಸೋಹಕ್ಕೆ ಬೇಕಾದಷ್ಟು ಬೇಕೆಂದರು. ಎತ್ತರದ ಗುರಿ ಇರಲಿ. ಆ ಗುರಿಯ ಮುಂದೆ ನಿದ್ರೆ, ಊಟ, ಗೆಳೆತನ, ದೇಹ, ಪ್ರಾಣ ಇವೆಲ್ಲವನ್ನೂ ಒತ್ತೆಯಿಡುವುದು ಬೇಡ. ಏಣಿ ಹತ್ತುವವನಿಗೆ ನಡುನಡುವೆ ನಿಂತು ಉಸಿರೆಳೆದುಕೊಳ್ಳಲು ಬಿಡದಿದ್ದರೆ ಅವನು ಮೇಲೆ ತಲುಪುವುದಿಲ್ಲ, ಕೆಳಗೆ ಬೀಳುತ್ತಾನೆ.

ಹಾರ, ಶಾಲು, ಶೇಕಡಾವಾರು

ಪ್ರತಿ ವರ್ಷ ಪರೀಕ್ಷೆಯ ಫಲಿತಾಂಶ ಬಂದ ಬಳಿಕ ಊರೂರುಗಳಲ್ಲಿ ಪ್ರತಿಭಾ ಪುರಸ್ಕಾರ ಸಮಾರಂಭಗಳು ನಡೆಯುತ್ತವೆ. ಸಮಾಜದ ಸಂಘಗಳು, ಟ್ರಸ್ಟುಗಳು, ಮಠಮಾನ್ಯಗಳು ಶೇಕಡಾ ತೊಂಬತ್ತು ಮೀರಿದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತವೆ. ಉದ್ದೇಶ ಪವಿತ್ರವಾದದ್ದು. ಆದರೆ ಪುರಸ್ಕಾರವು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ತಿಳಿದವರ ಮಾತನ್ನೂ ಕೇಳುವುದೊಳಿತು.

1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಬಿಡಿಸಲು ಒಗಟುಗಳನ್ನು ಕೊಟ್ಟರು. ಕೆಲವರಿಗೆ ಪ್ರತಿಯೊಂದು ಒಗಟಿಗೂ ಹಣ ಸಿಕ್ಕಿತು, ಉಳಿದವರಿಗೆ ಸಿಗಲಿಲ್ಲ. ಹಣ ಪಡೆದವರು, ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಒಗಟಿನ ಕಡೆಗೆ ಮೊದಲಿನಷ್ಟು ಒಲವು ತೋರಲಿಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದರಲ್ಲಿ ಸಂತೋಷಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಮಾತು ಕೊಟ್ಟರು. ಕೆಲವು ದಿನಗಳ ನಂತರ ನೋಡಿದಾಗ ಆ ಮಕ್ಕಳು ತಾವಾಗಿಯೇ ಚಿತ್ರ ಬರೆಯುವುದು ಕಡಿಮೆಯಾಗಿತ್ತು. ಮುಂಚೆ ಹೇಳದೆ ಅನಿರೀಕ್ಷಿತವಾಗಿ ಬಹುಮಾನ ಪಡೆದ ಮಕ್ಕಳ ಒಲವು ಹಾಗೆ ಕುಂದಲಿಲ್ಲ. ಮೆಚ್ಚುಗೆಯಿಂದ ಹಾನಿಯಿಲ್ಲ, ಬಹುಮಾನಕ್ಕಾಗಿಯೇ ಮಾಡುವೆನೆಂಬ ಭಾವ ಬೆಳೆದಾಗ ಹಾನಿ. ಒಳಗಿನ ಸಂತೋಷದಿಂದ ಮಾಡುತ್ತಿದ್ದ ಕೆಲಸ ಹೊರಗಿನ ಕೂಲಿಗೆ ಮಾಡುವ ಕೆಲಸವಾಗುತ್ತದೆ. ಕೂಲಿ ತಪ್ಪಿದ ದಿನ ಕೆಲಸದ ಅರ್ಥವೂ ತಪ್ಪಿಹೋಗುತ್ತದೆ.

ಫಲದ ಆಸೆಯಿಂದ ಮಾಡಿದ ಪೂಜೆ ಪೂಜೆಯಲ್ಲವೆಂದು ಶರಣರು ಸಾರಿದ್ದರ ಮರ್ಮವೂ ಇದೇ. ಅಂಕಕ್ಕಾಗಿಯೇ ಓದಿದವನಿಗೆ ಅಂಕ ಬಾರದಿದ್ದರೆ ಕೈಯಲ್ಲಿ ಉಳಿಯುವುದೇನು? ವಿಷಯದ ಮೇಲಿನ ಪ್ರೀತಿಯಿಂದ ಓದಿದವನಿಗೆ ಅಂಕ ಕಡಿಮೆಯಾದರೂ ವಿಷಯ ಉಳಿಯುತ್ತದೆ, ಪ್ರೀತಿ ಉಳಿಯುತ್ತದೆ. ಮರಳಿ ಪ್ರಯತ್ನಿಸುವ ಬಲ ಉಳಿಯುತ್ತದೆ.

ಡೆಸಿ ಮತ್ತು ಅವರ ಸಹೋದ್ಯೋಗಿ ವಿದ್ವಾಂಸರಾದ ರಿಚರ್ಡ್ ರಯಾನ್ ಅವರು ಮುಂದೆ ಮನುಷ್ಯನ ಒಳಪ್ರೇರಣೆಗೆ ಮೂರು ಆಸರೆಗಳು ಬೇಕೆಂದು ವಿವರಿಸಿದರು: ತನ್ನ ಆಯ್ಕೆ ತನ್ನದೆಂಬ ಸ್ವಾತಂತ್ರ್ಯ, ತನ್ನಿಂದಾಗುತ್ತದೆಂಬ ಸಾಮರ್ಥ್ಯದ ಅನುಭವ, ತನ್ನವರಿದ್ದಾರೆಂಬ ಸಂಬಂಧ. ಈ ಮೂರೂ ಕುಸಿದಾಗ ವಿದ್ಯಾರ್ಥಿಯು ದಣಿಯುತ್ತಾನೆ. ವಿಷಯವನ್ನು ಆರಿಸಿದವರು ಬಂಧುಗಳು, ಸಾಮರ್ಥ್ಯವನ್ನು ಅಳೆಯುವುದು ಮೂರು ಗಂಟೆಯ ಪರೀಕ್ಷೆ, ಗೆಳೆಯರೆಲ್ಲ ಸ್ಪರ್ಧಿಗಳು. ಇನ್ನು ಒಲವು ಹುಟ್ಟುವುದೆಲ್ಲಿಂದ? ಕಲ್ಯಾಣದಲ್ಲಿ ಚಮ್ಮಾರ, ಅಂಬಿಗ, ಮಡಿವಾಳ, ಗಾಣಿಗರೆಲ್ಲ ತಮ್ಮ ತಮ್ಮ ಕಾಯಕದಲ್ಲಿ ನಿರತರಾಗಿದ್ದು, ಅನುಭವ ಮಂಟಪದಲ್ಲಿ ಸರಿಸಮನಾಗಿ ಕುಳಿತು ತಮ್ಮ ಅನುಭವವನ್ನು ಹಂಚಿಕೊಳ್ಳುತ್ತಿದ್ದರು. ಅಲ್ಲಿಯೂ ಪ್ರಶ್ನೆಗಳಿದ್ದವು. ಅಕ್ಕಮಹಾದೇವಿಯವರನ್ನು ಅಲ್ಲಮಪ್ರಭುಗಳು ಪ್ರಶ್ನಿಸಿದ್ದು ಕಠಿಣವಾಗಿಯೇ. ಆದರೆ ಆ ಪ್ರಶ್ನೆಗಳು ಆಕೆಯ ಅರಿವನ್ನು ಬೆಳಗಿಸಿ ತೋರಿದವೇ ಹೊರತು, ಇನ್ನೊಬ್ಬರಿಗಿಂತ ಮೇಲೆ ಅಥವಾ ಕೆಳಗೆ ನಿಲ್ಲಿಸಲಿಲ್ಲ. ಪರೀಕ್ಷೆಯೆಂಬುದು ಇರಬಾರದೆಂದಲ್ಲ, ಅದು ಮನುಷ್ಯನ ಬೆಲೆ ಕಟ್ಟುವ ತಕ್ಕಡಿಯಾಗಬಾರದು.

ಆದ್ದರಿಂದ ಪುರಸ್ಕಾರದ ವೇದಿಕೆಗಳು ಸ್ವಲ್ಪ ಬದಲಾಗಬೇಕು. ಒಮ್ಮೆ ಅನುತ್ತೀರ್ಣಳಾಗಿ, ಧೃತಿಗೆಡದೆ ಮರಳಿ ಓದಿ ದಡ ಸೇರಿದ ಹುಡುಗಿಯನ್ನೂ ಅಲ್ಲಿ ಗೌರವಿಸಬಹುದು. ಸಂಜೆ ಅಂಗಡಿಯಲ್ಲಿ ದುಡಿದು ಹಗಲು ಓದಿದವನನ್ನು, ಹಾಸ್ಟೆಲಿನ ಕಿರಿಯರಿಗೆ ಗಣಿತ ಹೇಳಿಕೊಟ್ಟವನನ್ನು ಕರೆಯಬಹುದು. ಬ್ಯಾನರಿನಲ್ಲಿ ಫೋಟೋದ ಕೆಳಗೆ ಶೇಕಡಾವಾರು ಬರೆಯದೆ ಹೆಸರನ್ನಷ್ಟೇ ಬರೆದರೆ ಯಾರ ಗೌರವವೂ ಕಡಿಮೆಯಾಗದು. ವೇದಿಕೆಯ ಕೆಳಗೆ ಕುಳಿತು, ತನ್ನ ಹೆಸರು ಎಂದಿಗೂ ಕರೆಯಲ್ಪಡದೆಂದು ತಿಳಿದಿರುವ ಮಗುವೂ ಅದೇ ಸಮಾಜದ ಮಗುವೆಂಬುದನ್ನು ಮರೆಯಬಾರದು.

ಮನೆಯವರ ಪಾಲು, ವ್ಯವಸ್ಥೆಯ ಪಾಲು

ತಂದೆತಾಯಿಗಳನ್ನು ದೂಷಿಸುವುದು ಸುಲಭ, ಅದು ನ್ಯಾಯವಲ್ಲ. ತಮ್ಮ ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಓದಿಸುವವರ ತ್ಯಾಗ ದೊಡ್ಡದು. ಆದರೆ ತ್ಯಾಗವನ್ನು ದಿನವೂ ನೆನಪಿಸಿದಾಗ ಅದು ಸಾಲವಾಗಿ ಮಾರ್ಪಡುತ್ತದೆ. "ನಿನಗಾಗಿ ಇಷ್ಟು ಕಷ್ಟಪಟ್ಟೆವು" ಎಂಬ ಮಾತು ಪ್ರೋತ್ಸಾಹವೆಂದು ಹೇಳಿದ್ದರೂ ಕೇಳುವವನ ಎದೆಯಲ್ಲಿ ಕಲ್ಲಾಗಿ ಕೂರುತ್ತದೆ. ದಾಸೋಹದಲ್ಲಿ ಕೊಟ್ಟವನು ಕೊಟ್ಟೆನೆಂದು ಎಣಿಸುವುದಿಲ್ಲ. ಮಕ್ಕಳ ವಿದ್ಯೆಗೆ ಕೊಟ್ಟದ್ದು ದಾಸೋಹವಾಗಬೇಕೇ ಹೊರತು ಬಡ್ಡಿಗೆ ಕೊಟ್ಟ ಹಣವಾಗಬಾರದು.

ಹೆಣ್ಣುಮಕ್ಕಳ ಸಂಕಟ ಇನ್ನೂ ಒಂದು ತೂಕ ಹೆಚ್ಚು. ಗಂಡುಮಗನು ಒಂದು ವಿಷಯದಲ್ಲಿ ಉಳಿದರೆ ಮುಂದಿನ ಬಾರಿ ನೋಡೋಣವೆನ್ನುವ ಮನೆಯಲ್ಲಿಯೇ, ಮಗಳು ಉಳಿದರೆ ವರ ನೋಡುವ ಮಾತು ಏಳುತ್ತದೆ. ಅವಳಿಗೆ ಪ್ರತಿಯೊಂದು ಪರೀಕ್ಷೆಯೂ ಓದಿನ ಪರೀಕ್ಷೆಯಷ್ಟೇ ಆಗಿರದೆ, ಮನೆಯ ಹೊಸ್ತಿಲಿನ ಆಚೆ ಇರಲು ಪಡೆಯುವ ಪರವಾನಿಗೆಯಾಗಿರುತ್ತದೆ. ಅಕ್ಕನನ್ನು, ಲಕ್ಕಮ್ಮನನ್ನು, ನೀಲಮ್ಮನನ್ನು ಹಾಡಿ ಹೊಗಳುವ ಸಮಾಜವು ತನ್ನ ಮನೆಯ ಮಗಳಿಗೆ ಎರಡನೆಯ ಅವಕಾಶವನ್ನು ನಿರಾಕರಿಸುವುದು ಶೋಭಿಸದು.

ಇಷ್ಟಕ್ಕೇ ಮಾತು ಮುಗಿಯುವುದಿಲ್ಲ. ದಣಿವನ್ನು ಒಬ್ಬೊಬ್ಬರ ಮನಸ್ಸಿನ ದೋಷವೆಂದು ತೋರಿಸಿ, ಧ್ಯಾನ ಮಾಡು, ಧೈರ್ಯ ತಾಳು ಎಂದು ಹೇಳಿ ಕೈತೊಳೆದುಕೊಳ್ಳುವ ರೂಢಿ ಬೆಳೆದಿದೆ. ವ್ಯವಸ್ಥೆಯ ದೋಷಗಳು ಇದರಿಂದ ಮರೆಯಾಗುತ್ತವೆ. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವಿರುವೆವೋ ಇಲ್ಲವೋ ಎಂದು ತಿಳಿಯದ ಗುರುಗಳು ವಿದ್ಯಾರ್ಥಿಯ ಭರವಸೆಗೆ ಹೇಗೆ ಆಸರೆಯಾದಾರು? 2021-22ರಲ್ಲಿ ರಾಜ್ಯವು ನಾಲ್ಕು ವರ್ಷಗಳ ಪದವಿಯ ಕ್ರಮವನ್ನು ತಂದಿತು. 2024-25ರಿಂದ ಮತ್ತೆ ಮೂರು ವರ್ಷಗಳ ಕ್ರಮಕ್ಕೆ ಮರಳಿತು. ನಿರ್ಧಾರಗಳ ಸರಿತಪ್ಪು ಏನೇ ಇರಲಿ, ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗೆ ಕಾಲ ಕೆಳಗಿನ ನೆಲವೇ ಅಲುಗಿದಂತಾದುದು ನಿಜ. ಪದವಿಯ ನಂತರ ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ನೇಮಕಾತಿಯ ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಇವರ ದಣಿವಿಗೆ ಇವರ ಮನೋಬಲವನ್ನಷ್ಟೇ ಹೊಣೆ ಮಾಡುವುದು ಅನ್ಯಾಯ.

ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ನೀಡಿದ ತೀರ್ಪೊಂದರಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ದೇಶಕ್ಕೆಲ್ಲ ಅನ್ವಯಿಸುವ ಹದಿನೈದು ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕು, ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ವಿಂಗಡಿಸಬಾರದು, ಎಲ್ಲರೆದುರು ಅವಮಾನಿಸಬಾರದು, ಸಹಾಯವಾಣಿಯ ಸಂಖ್ಯೆಗಳನ್ನು ಕಣ್ಣಿಗೆ ಬೀಳುವಂತೆ ಪ್ರಕಟಿಸಬೇಕು ಎಂಬವು ಅವುಗಳಲ್ಲಿ ಸೇರಿವೆ. ನ್ಯಾಯಾಲಯವು ಇದನ್ನು ಹೇಳಬೇಕಾಗಿ ಬಂದುದೇ ಸಮಾಜವು ತಲೆತಗ್ಗಿಸಬೇಕಾದ ಸಂಗತಿ. ಅನ್ನ ದಾಸೋಹದಲ್ಲಿ ಸರ್ಕಾರಕ್ಕಿಂತ ಮೊದಲೇ ಮುಂದೆ ಬಂದವು ಮಠಗಳು. ಈ ಹೊಸ ಹಸಿವಿಗೆ ಸ್ಪಂದಿಸುವಲ್ಲಿ ಮಾತ್ರ ನ್ಯಾಯಾಲಯದ ಆದೇಶಕ್ಕಾಗಿ ಕಾಯಬೇಕೇ? ಭಕ್ತರು ನಡೆಸುವ ಪ್ರತಿಯೊಂದು ಕಾಲೇಜು, ಪ್ರತಿಯೊಂದು ಪ್ರಸಾದ ನಿಲಯವೂ ಈ ಮಾರ್ಗಸೂಚಿಗಳನ್ನು ಕಾಗದದ ಮೇಲಲ್ಲ, ಆಚರಣೆಯಲ್ಲಿ ತಂದು ತೋರಿಸಬೇಕು.

ಪೂಜೆಯೂ ಇರಲಿ, ವೈದ್ಯರೂ ಇರಲಿ

ಇಷ್ಟಲಿಂಗದ ಮುಂದೆ ಕುಳಿತ ಕ್ಷಣಗಳು ಚದುರಿದ ಮನಸ್ಸನ್ನು ಒಂದೆಡೆ ತರುತ್ತವೆ. ಇದು ಅನುಭವಿಗಳಿಗೆ ತಿಳಿದ ವಿಷಯ. ಆದರೆ ಪೂಜೆ ಮಾಡಿದರೆ ಎಲ್ಲವೂ ಸರಿಯಾಗುತ್ತದೆಂದು ಹೇಳಿ, ನೊಂದ ವಿದ್ಯಾರ್ಥಿಯನ್ನು ವೈದ್ಯರಿಂದ ದೂರ ಇಡುವುದು ಭಕ್ತಿಯಲ್ಲ. ಮಗುವಿಗೆ ಜ್ವರ ಬಂದರೆ ವಿಭೂತಿ ಧರಿಸಿಯೂ ದವಾಖಾನೆಗೆ ಒಯ್ಯುವವರು, ಮನಸ್ಸಿಗೆ ಜ್ವರ ಬಂದಾಗ ಮಾತ್ರ ಏಕೆ ಹಿಂಜರಿಯಬೇಕು? ಎರಡು ವಾರಗಳಿಗೂ ಮೀರಿ ನಿದ್ರೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ಈಗ ಇಷ್ಟವಾಗದಿದ್ದರೆ, ಎಲ್ಲರಿಂದ ದೂರವಾಗುತ್ತಿದ್ದರೆ ಅದು ಖಿನ್ನತೆಯ ಸೂಚನೆಯಾಗಿರಬಹುದು. ಬದುಕು ಸಾಕೆಂಬ ಮಾತು ಬಾಯಿಂದ ಬಂದರಂತೂ ಒಂದು ದಿನವೂ ತಡಮಾಡಬಾರದು. ಅಂತಹವರನ್ನು ಒಂಟಿಯಾಗಿ ಬಿಡಬಾರದು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಲ್ಲಿ ಚಿಕಿತ್ಸೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವ ವೇಳೆಯಲ್ಲಿಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯು ಪ್ರತಿಯೊಂದು ಪ್ರಸಾದ ನಿಲಯದ ಗೋಡೆಯ ಮೇಲೆ, ಊಟದ ವೇಳಾಪಟ್ಟಿಯ ಪಕ್ಕದಲ್ಲಿಯೇ ಇರಲಿ.

ಇದಕ್ಕೂ ಮೊದಲು, ಯಾವ ಖರ್ಚೂ ಇಲ್ಲದೆ ಮಾಡಬಹುದಾದ ಒಂದು ಕೆಲಸವಿದೆ. ರವಿವಾರದ ಆ ಫೋನಿನ ಮಾತು ಸ್ವಲ್ಪ ಬದಲಾಗಲಿ. ಅಂಕದ ಪ್ರಶ್ನೆಗಿಂತ ಮೊದಲು ನಿದ್ರೆಯ ಪ್ರಶ್ನೆ ಬರಲಿ. ಯಾರ ಜೊತೆ ಊಟ ಮಾಡಿದೆ, ಈ ವಾರ ಯಾವ ಪಾಠ ಮನಸ್ಸಿಗೆ ಹಿಡಿಸಿತು, ಯಾವುದು ಕಷ್ಟವಾಯಿತು ಎಂದು ಕೇಳಿ, ಉತ್ತರಕ್ಕಾಗಿ ತಾಳ್ಮೆಯಿಂದ ಕಾಯಬೇಕು. ವಿಷಯ ಉಳಿದಿದೆಯೆಂದು ಮಗ ಹೇಳಿದ ದಿನ, ಬೈಗುಳಕ್ಕಿಂತ ಮೊದಲು "ಹೇಳಿದ್ದು ಚೊಲೋ ಆತು, ಊರಿಗೆ ಬಂದು ಎರಡು ದಿನ ಇದ್ದು ಹೋಗು" ಎಂಬ ಮಾತು ಬರಲಿ. ಆ ಒಂದು ಮಾತು ಎಷ್ಟು ಭಾರವನ್ನು ಇಳಿಸುವುದೆಂಬುದು ಹೊತ್ತವನಿಗೆ ಮಾತ್ರ ಗೊತ್ತು.

ಲಕ್ಕಮ್ಮನವರು ಗಂಡನನ್ನು ಎರಡು ಬಾರಿ ಕಳುಹಿಸಿದರು: ಒಮ್ಮೆ ತರಲು, ಒಮ್ಮೆ ಮರಳಿಸಲು. ಮಕ್ಕಳನ್ನು ವಿದ್ಯೆಗೆ ಕಳುಹಿಸುವ ಕೆಲಸವನ್ನು ಸಮಾಜವು ಚೆನ್ನಾಗಿ ಕಲಿತಿದೆ. ಹೊತ್ತದ್ದು ಅತಿಯಾದಾಗ ಕೆಳಗಿಳಿಸಿ ಬಾ ಎಂದು ಹೇಳುವ ತಾಯ್ತನವನ್ನು ಇನ್ನು ಕಲಿಯಬೇಕಾಗಿದೆ. ಆಯ್ದ ಅಕ್ಕಿ ಬೊಗಸೆಯಷ್ಟೇ ಇರಬಹುದು. ಆಯುವ ಕೈ ನೋಯದೆ ಉಳಿದರೆ ನಾಳೆಯೂ ದಾಸೋಹ ನಡೆಯುತ್ತದೆ.